ಫ್ಯಾನು ಸುಮ್ಮನಾದ ಮೇಲೆ

ಬೀಜಾಡಿಯ ಕುಸುಮನ ಮನೆಯಲ್ಲಿ ಅತ್ತೆ ಸೊಸೆಗೆ ಒಂದು ನಿಮಿಷ ಸರಿಬರುವುದಿಲ್ಲ ಎಂಬ ಸುದ್ದಿ ಸೊಸೆಯ ತವರು ನಾವುಂದದವರೆಗೆ ಹೋದದ್ದು ಒಂದು ರವಿಕೆಯ ದೆಸೆಯಿಂದ.

ಕುಸುಮ ಹೊಲಿಗೆಯವಳು. ಕೋಟೇಶ್ವರದಿಂದ ಬೀಜಾಡಿಯ ಕಡಲತೀರದವರೆಗೆ ಮದುವೆಯ ರವಿಕೆ ಎಂದರೆ ಅವಳ ಕೈಯದೇ ಆಗಬೇಕು. 2007ರ ನವೆಂಬರಿನ ಒಂದು ಬೆಳಿಗ್ಗೆ ನೆರೆಮನೆಯ ಸುಗುಣ ರವಿಕೆಯ ಬಟ್ಟೆ ಕೊಡಲೆಂದು ಬಂದು ಜಗಲಿಯ ಮೇಲೆ ನಿಂತಳು. ಕರೆಯಬೇಕೆನ್ನುವಷ್ಟರಲ್ಲಿ ಒಳಗಿಂದ ಕೂಗಾಟ ಕೇಳಿಸಿತು.

“ಉಪ್ಪ್ ಹಾಕ್ದ್ಯಾ?”

“ಹಾಕ್ದೆ!”

“ಎಂತ?”

“ಹಾಕ್ದೆ ಅಂದೆ ಅಲ್ದಾ ಅತ್ತೆ! ಎಷ್ಟ್ ಸರ್ತಿ ಹೇಳುದ್!”

ಸುಗುಣ ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ಸದ್ದಿಲ್ಲದೆ ಮೆಟ್ಟಿಲಿಳಿದಳು. ಆ ಸಂಜೆ ಅವಳು ಕಂಡದ್ದನ್ನಲ್ಲ, ಕೇಳಿದ್ದನ್ನು ನಾಲ್ಕು ಮನೆಗೆ ಹೇಳಿದಳು. ಆ ನಾಲ್ಕರಲ್ಲಿ ಒಂದು ಮನೆಗೆ ನಾವುಂದದ ನೆಂಟಸ್ತಿಕೆಯಿತ್ತು. ಮುಂದಿನ ಸೋಮವಾರ ಸೊಸೆ ವಿನಯಾಳ ತಾಯಿ ಸರಸ, ಕೈಯಲ್ಲೊಂದು ಸುವರ್ಣಗೆಡ್ಡೆ ಹಿಡಿದುಕೊಂಡು, ಮುಖ ಬಿಗಿದುಕೊಂಡು ಬಸ್ಸಿಳಿದಳು.

ಕುಸುಮ ಸಡಗರದಿಂದ ಬೀಗಿತ್ತಿಯನ್ನು ಒಳಗೆ ಕರೆದು ಬೆಲ್ಲ ನೀರು ಕೊಟ್ಟಳು. ಸರಸ ನೀರು ಕುಡಿದಳು; ಮಾತು ಮಾತ್ರ ಕುಡಿದ ನೀರಿನಷ್ಟೇ ತಣ್ಣಗಿತ್ತು. ಕುಸುಮ ಅಡುಗೆಮನೆಗೆ ಹೋದದ್ದೇ ತಡ, ಮಗಳನ್ನು ಬಾಗಿಲ ಮರೆಗೆ ಎಳೆದು, “ನಿಂಗೆ ಇಲ್ಲ್ ಎಂತ ಕಷ್ಟ ಇತ್ತ್, ನನ್ನತ್ರ ಹೇಳ್ ಮಗಾ. ಹೆದ್ರಬೇಡ” ಎಂದಳು.

ವಿನಯಾಳಿಗೆ ತಲೆಬುಡ ತಿಳಿಯಲಿಲ್ಲ. “ಕಷ್ಟ ಎಂತದ್ ಅಮ್ಮ?”

ಉತ್ತರ ಬಂದದ್ದು ಅಡುಗೆಮನೆಯ ಗೋಡೆಯಿಂದ. ಬಂಗುಡೆ ಹುರಿಯಲೆಂದು ಕುಸುಮ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚು ಒತ್ತಿದ್ದಳು. ಮೊದಲು ಗೊರಗೊರ ಎಂದಿತು, ಆಮೇಲೆ ಗರಗರ ಎಂದಿತು, ಕೊನೆಗೆ ಖಟಕ್ ಖಟಕ್ ಎಂದು ಅಕ್ಕಿಗಿರಣಿಯ ಹಾಗೆ ಓಡತೊಡಗಿತು. ಕಪಾಟಿನ ಮೇಲಿನ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ನಡುಗಿದವು. ಅದರ ಮೇಲಿಂದ ಕುಸುಮನ ದನಿ ಬಂತು:

“ವಿನಯಾ! ಮೆಣ್ಸಿನ್ ಪುಡಿ ಎಲ್ಲ್ ಇಟ್ಟಿದ್ದೆ?”

“ಅಲ್ಲೇ ಇತ್ತ್ ಕಾಣಿ ಅತ್ತೆ!”

“ಎಂತ?”

“ಅಲ್ಲೇ! ಇತ್ತ್!”

ಸರಸ ಒಮ್ಮೆ ಮಗಳ ಮುಖ, ಒಮ್ಮೆ ಅಡುಗೆಮನೆಯ ಬಾಗಿಲು ನೋಡಿದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಗಲು ಶುರುಮಾಡಿದವಳಿಗೆ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಾಗಲಿಲ್ಲ. ಊಟಕ್ಕೆ ಕೂತಾಗ ಅವಳೇ ಸುದ್ದಿಯ ಕಥೆ ಪೂರ್ತಿ ಹೇಳಿದಳು. ವಿನಯಾ ನಕ್ಕಳು, ಕೋಟೇಶ್ವರದ ಮೊಬೈಲ್ ಅಂಗಡಿಯಿಂದ ಊಟಕ್ಕೆ ಬಂದಿದ್ದ ಅವಳ ಗಂಡ ರತೀಶ್ ನಕ್ಕ, ಕುಸುಮನ ಗಂಡ ಪ್ರೇಮಾನಂದನೂ ನಕ್ಕ. ನಗದೆ ಕೂತವಳು ಕುಸುಮ ಒಬ್ಬಳೇ.

“ನಾನ್ ಸೊಸಿಗೆ ಉಪದ್ರ ಕೊಡುದಂಬ್ರಾ?” ಅವಳು ಗೋಡೆಯ ಫ್ಯಾನಿನ ಕಡೆ ಬೆರಳು ತೋರಿಸಿದಳು. “ನನ್ ಮರ್ಯಾದಿ ತೆಗ್ದದ್ ಅದ್. ಅದ್ರ ಬಾಯಿ ಮುಚ್ಸ್ದೆ ನಾನ್ ಬಿಡುದಿಲ್ಲ.”

ಫ್ಯಾನು ಆ ಮನೆಗೆ ಬಂದದ್ದು ಪ್ರೇಮಾನಂದನ ಹಟದಿಂದ. ಅವನು ಮುಂಬೈಯ ಹೋಟೆಲೊಂದರ ಅಡುಗೆ ಕೋಣೆಯಲ್ಲಿ ಆಯುಷ್ಯದ ಮುಕ್ಕಾಲು ಕಳೆದು ಊರಿಗೆ ಮರಳಿದವನು. ಬೀಜಾಡಿಯಲ್ಲಿ ಮನೆ ಕಟ್ಟಿಸುವಾಗ, ಹೆಂಡತಿಯ ಕಣ್ಣಿಗೆ ಹೊಗೆ ತಾಗಬಾರದೆಂದು ಒಲೆಯ ಮೇಲಿನ ಗೋಡೆಯಲ್ಲಿ ದೊಡ್ಡದೊಂದು ತೂತು ಬಿಡಿಸಿ ಕಬ್ಬಿಣದ ರೆಕ್ಕೆಯ ಈ ಫ್ಯಾನನ್ನು ಕೂರಿಸಿದ್ದ. ಮೊದಲೆರಡು ವರ್ಷ ಅದು ಚೆನ್ನಾಗಿಯೇ ಇತ್ತು. ಆಮೇಲೆ ಮೀನು ಹುರಿದ ಎಣ್ಣೆ, ಒಗ್ಗರಣೆಯ ಹೊಗೆ, ಕಡಲ ಕಡೆಯ ಉಪ್ಪುಗಾಳಿ ಎಲ್ಲ ಸೇರಿ ಅದರ ಸದ್ದು ಏರುತ್ತಾ ಹೋಯಿತು.

ಪ್ರೇಮಾನಂದನಿಗೆ ಮಾತ್ರ ಅದೊಂದು ದೂರೇ ಅಲ್ಲ. ಬೆಳಗಿನ ಅಡುಗೆಯ ಹೊತ್ತಿಗೆ ಸರಿಯಾಗಿ ಅಡುಗೆಮನೆಗೆ ಬಂದು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ತೆಂಗಿನಕಾಯಿ ತುರಿದು ಕೊಡುವುದೋ ಬೆಳ್ಳುಳ್ಳಿ ಸುಲಿಯುವುದೋ ಮಾಡುತ್ತಿದ್ದ. ಅವನದು ಮಾತು ಕಡಿಮೆ, ದನಿ ಇನ್ನೂ ಕಡಿಮೆ. ಹೆಂಗಸರ ಮಾತು ಕೇಳಿಕೊಂಡು ನಗುವುದು, ನಡುವೆ ಮೆಲ್ಲಗೆ ಒಂದು ಮಾತು ಹಾಕಿ ಅವರನ್ನು ನಗಿಸುವುದು, ಇಷ್ಟೇ. ಇಡೀ ದಿನದಲ್ಲಿ ಅವನ ಮುಖ ಅಷ್ಟು ಅರಳುವ ಹೊತ್ತು ಬೇರೆ ಇರಲಿಲ್ಲ.

ಸರಸ ಹೋದ ಮರುದಿನವೇ ಕುಸುಮ ಎಲೆಕ್ಟ್ರಿಷಿಯನ್ ಶೀನನಿಗೆ ಹೇಳಿಕಳಿಸಿದಳು. ಶೀನ ಬಂದು ಫ್ಯಾನು ಹಾಕಿ ನೋಡಿ, ಕಿವಿಗೆ ಕೈ ಅಡ್ಡ ಹಿಡಿದ.

“ಇದನ್ನ ಬಿಚ್ಚಿ ಸರಿ ಮಾಡುದಕ್ಕಿಂತ ಹೊಸ್ತ್ ಹಾಕುದೇ ಲಾಯ್ಕ್ ಅಕ್ಕ. ಮೋಟ್ರ್ ಸರಿ ಇತ್ತ್, ಆದ್ರೆ ಇದ್ರ ಹಿಂದೆ ಅರ್ಧ ದಿನ ಕೂಕಂಬುಕೆ ನಂಗೀಗ ಪುರ್ಸೊತ್ತಿಲ್ಲ. ಮದಿ ಸೀಜನ್, ಲೈಟಿಂಗಿನ್ ಕೆಲ್ಸ ತುಂಬ ಇತ್ತ್.”

ಅವನು ಮಾತು ಮುಗಿಸುವ ಮೊದಲೇ ಪ್ರೇಮಾನಂದ ಸ್ವಿಚ್ಚು ಆರಿಸಿ ಹೇಳಿದ: “ಹೊಸ್ತೂ ಬ್ಯಾಡ, ರಿಪೇರಿಯೂ ಬ್ಯಾಡ. ಇದಕ್ಕೆ ಎಂತ ಆಯ್ತ್? ಗಾಳಿ ಎಳೀತಾ ಇಲ್ಯಾ? ಬಸ್. ಮುಂಬೈಯಗೆ ನಮ್ಮ್ ಫ್ಯಾನಿನ್ ಎದ್ರ್ ಇದ್ ಎಂತದೂ ಅಲ್ಲ. ಚಾ ಕುಡ್ದ್ ಹೋಗ್ ಶೀನ.”

ಶೀನ ಚಹಾ ಕುಡಿದು ಹೋದ. ಕುಸುಮ ಗಂಡನೊಡನೆ ವಾದ ಮಾಡಲಿಲ್ಲ. ಅವಳು ವಾದ ಮಾಡದೆ ಇದ್ದಾಳೆಂದರೆ ಮನಸ್ಸಿನಲ್ಲಿ ಕೆಲಸ ಶುರುವಾಗಿದೆ ಎಂದು ಅರ್ಥ. ಮದುವೆಯಾಗಿ ಬಂದ ವರ್ಷ ತಂದ ಹೊಲಿಗೆ ಮಷಿನ್ನನ್ನು ಅವಳು ಇವತ್ತಿನವರೆಗೆ ಯಾರ ಕೈಗೂ ಬಿಚ್ಚಲು ಕೊಟ್ಟವಳಲ್ಲ. ಅದು ಒಣಗಿ ಅಳುವ ಸದ್ದು ಯಾವುದು, ಸಡಿಲವಾಗಿ ಕುಣಿಯುವ ಸದ್ದು ಯಾವುದು, ಎಲ್ಲಿಗೋ ತಾಗಿ ಬಡಿಯುವ ಸದ್ದು ಯಾವುದು ಎಂದು ಅವಳಿಗೆ ಗೊತ್ತಿತ್ತು. ಆ ರಾತ್ರಿಯ ಸಾರಿಗೆ ಒಗ್ಗರಣೆ ಹಾಕುವಾಗ ಫ್ಯಾನಿನ ಕೆಳಗೆ ನಿಂತು ಕಿವಿಗೊಟ್ಟಳು. ಇದರಲ್ಲಿ ಆ ಮೂರೂ ಇದ್ದವು.

“ವಿನಯಾ,” ಎಂದಳು, ಫ್ಯಾನು ಆರಿಸಿ. “ನಾಳೆ ಮಾವ ಪ್ಯಾಟಿಗೆ ಹೋದ ಕೂಡ್ಲೆ ಇದನ್ನ ಇಳ್ಸುವ.”

“ನಂಗೆ ಹೆದ್ರ್ಕಿ ಆತ್ತ್ ಅತ್ತೆ. ಕರೆಂಟಿನ್ ವಸ್ತು.”

“ಕರೆಂಟ್ ತೆಗ್ದ್ರೆ ಅದ್ ಬರೀ ಕಬ್ಣ. ಕಬ್ಣಕ್ಕೆ ಹೆದ್ರುಕಾ?”

ಮರುದಿನ ಪ್ರೇಮಾನಂದ ಕೋಟೇಶ್ವರಕ್ಕೆ ಹೊರಟ ಮೇಲೆ ಕುಸುಮ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದು, ಫ್ಯಾನಿನ ಪ್ಲಗ್ಗನ್ನೂ ಕಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜು ಹತ್ತಿದಳು. ನಾಲ್ಕು ಮೂಲೆಯ ಸ್ಕ್ರೂಗಳಲ್ಲಿ ಎರಡು ಕೈಯಲ್ಲೇ ತಿರುಗಿ ಬಂದವು. “ಕಂಡ್ಯಾ? ಇದ್ ಗೋಡಿಯಗೆ ಕೂಕಂಡದ್ದೇ ಅಲ್ಲ. ಹಲ್ಲ್ ಅಲ್ಲಾಡ್ದಂಗೆ ಅಲ್ಲಾಡ್ತಾ ಇದ್ದಿತ್” ಎಂದಳು. ವಿನಯಾ ಕೆಳಗಿಂದ ಭಾರ ಹಿಡಿದುಕೊಂಡಳು. ಇಬ್ಬರೂ ಸೇರಿ ಫ್ಯಾನನ್ನು ಇಳಿಸಿ ಹಿತ್ತಲ ಕಟ್ಟೆಯ ಮೇಲೆ ಹಳೆಯ ಗೋಣಿ ಹಾಸಿ ಇಟ್ಟರು.

ಹಗಲ ಬೆಳಕಲ್ಲಿ ನೋಡಿದರೆ ಅದು ಫ್ಯಾನಿನ ಹಾಗೆ ಇರಲೇ ಇಲ್ಲ. ರೆಕ್ಕೆಗಳ ಮೇಲೆ ಎಣ್ಣೆಜಿಡ್ಡು ದೋಣಿಗೆ ಗೇರೆಣ್ಣೆ ಬಳಿದಂತೆ ಕಪ್ಪಗೆ ದಪ್ಪಗೆ ಕೂತಿತ್ತು; ಒಂದರ ಮೇಲೆ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ. “ಒಂದ್ ಬದಿ ಭಾರ ಆದ್ರೆ ಕುಣೀದೆ ಎಂತ ಮಾಡತ್ತ್?” ಎನ್ನುತ್ತ ಕುಸುಮ ರೆಕ್ಕೆಗಳ ನಡುವಿನ ಸ್ಕ್ರೂ ಸಡಿಲಿಸಿ ಅವನ್ನು ಮೋಟಾರಿನಿಂದ ಬೇರೆ ಮಾಡಿದಳು. ಮೋಟಾರಿಗೆ ನೀರು ತಾಗಬಾರದೆಂದು ಅದನ್ನು ದೂರ ಇಟ್ಟಳು. ಬಿದಿರಿನ ಚಕ್ಕೆಯಿಂದ ಜಿಡ್ಡು ಕೆರೆದು, ಸೋಪಿನ ಪುಡಿ ಕಲಸಿದ ಬಿಸಿನೀರಿನಲ್ಲಿ ರೆಕ್ಕೆಗಳನ್ನು ಮುಳುಗಿಸಿಟ್ಟಾಗ ನೀರು ಕಾಡಿಗೆಯ ಬಣ್ಣಕ್ಕೆ ತಿರುಗಿತು. ಮೂರು ಸಲ ನೀರು ಬದಲಾಯಿಸಿದ ಮೇಲೆ ಅಡಿಯಿಂದ ಬೂದು ಬಣ್ಣ ಕಂಡಿತು.

ರೆಕ್ಕೆ ಒಣಗುವಷ್ಟರಲ್ಲಿ ಅವಳು ಮೋಟಾರನ್ನು ಬಟ್ಟೆಯಲ್ಲಿ ಒರೆಸಿ, ಅದರ ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಕಷ್ಟಪಟ್ಟು ತಿರುಗಿ ಥಟ್ಟನೆ ನಿಂತಿತು. ಹೊಲಿಗೆ ಮಷಿನ್ನಿನ ಎಣ್ಣೆಯ ಸಣ್ಣ ಡಬ್ಬಿ ತಂದು, ಕಡ್ಡಿ ಒಳಗೆ ಕೂತು ತಿರುಗುವ ಬುಷ್ಷು ಎಂಬ ಲೋಹದ ಬಳೆಯ ಬಾಯಿಗೆ ಎರಡೂ ಬದಿ ಹನಿ ಹಾಕಿದಳು. ತಿರುಗಿಸಿದಳು, ಮತ್ತೆ ಹನಿ ಹಾಕಿದಳು. ಕಪ್ಪು ರಸ ಹೊರಗೆ ಬಂತು, ಒರೆಸಿದಳು. ಕೊನೆಗೆ ಬೆರಳು ತಾಗಿಸಿ ಬಿಟ್ಟರೆ ಕಡ್ಡಿ ತನ್ನಷ್ಟಕ್ಕೆ ನಾಲ್ಕು ಸುತ್ತು ಹೊಡೆಯುವಂತಾಯಿತು.

ರೆಕ್ಕೆಯನ್ನು ಮತ್ತೆ ಕೂರಿಸಿದ ಮೇಲೆ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡನ್ನು ರೆಕ್ಕೆಯ ತುದಿಗೆ ತಾಗುವಂತೆ ಒಂದು ಕಡೆ ಅಲುಗಾಡದೆ ಹಿಡಿದು, “ಮೆಲ್ಲ ತಿರ್ಗ್ಸ್” ಎಂದಳು. ವಿನಯಾ ತಿರುಗಿಸಿದಳು. ಎರಡು ರೆಕ್ಕೆಗೆ ಬಿಳಿ ಗೆರೆ ಬಿತ್ತು, ಮೂರನೆಯದಕ್ಕೆ ಬೀಳಲಿಲ್ಲ.

“ಇದ್ ಸೊಟ್ಟ ಆಯ್ತಲ್ದಾ ಅತ್ತೆ!” ವಿನಯಾಳ ಹೆದರಿಕೆ ಯಾವಾಗಲೋ ಹೋಗಿಬಿಟ್ಟಿತ್ತು. ಕುಸುಮ ಆ ರೆಕ್ಕೆಯನ್ನು ಎರಡು ಕೈಯಲ್ಲಿ ಹಿಡಿದು ಒಂದಿಷ್ಟೇ ಬಾಗಿಸಿದಳು. ಮತ್ತೆ ತಿರುಗಿಸಿದಾಗ ಮೂರಕ್ಕೂ ಗೆರೆ ಬಿತ್ತು.

ಗೋಡೆಗೆ ಏರಿಸುವಾಗ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಪ್ರತಿ ಸ್ಕ್ರೂವಿನ ಅಡಿಗೂ ಒಂದೊಂದು ರಬ್ಬರ್ ಬಿಲ್ಲೆ ಕೊಟ್ಟು ಬಿಗಿದಳು. ಮೇನ್ ಹಾಕಿ ಸ್ವಿಚ್ಚು ಒತ್ತಿದಳು. ಗೊರಗೊರ ಇಲ್ಲ, ಗರಗರ ಇಲ್ಲ. ಆದರೆ ಖಟಕ್ ಎಂಬುದು ಇನ್ನೂ ಇತ್ತು. ವಿನಯಾಳ ಮುಖ ಬಾಡಿತು. ಕುಸುಮ ಹೊರಗೆ ಹೋಗಿ ಗೋಡೆಯ ಆಚೆ ಬದಿಯಿಂದ ನೋಡಿ ಅಲ್ಲಿಂದಲೇ ಕೂಗಿದಳು: “ಸಿಕ್ತ್! ನಿನ್ನ ತಲಿಯಗಿನ್ ಒಂದ್ ಹೇರ್‌ಪಿನ್ ಕೊಡ್!”

ಮಳೆನೀರು ಬಾರದಂತೆ ಹೊರಗಡೆ ಇದ್ದ ತಗಡಿನ ರೆಪ್ಪೆಗಳಲ್ಲಿ ಒಂದರ ಕೀಲು ತುಕ್ಕು ಹಿಡಿದು ಉದುರಿಹೋಗಿತ್ತು. ಗಾಳಿಗೆ ಅದು ಎದ್ದು ಬಿದ್ದು ಬಡಿದುಕೊಳ್ಳುತ್ತಿತ್ತು. ಕುಸುಮ ಫ್ಯಾನು ಆರಿಸಿ, ಹೇರ್‌ಪಿನ್ನನ್ನು ಕೀಲಿನ ತೂತಿಗೆ ತೂರಿಸಿ ಎರಡೂ ತುದಿ ಮಡಚಿದಳು.

ಈ ಸಲ ಸ್ವಿಚ್ಚು ಒತ್ತಿದಾಗ ಸುಯ್ ಎಂಬ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಕಪಾಟಿನ ಡಬ್ಬಿಗಳು ಸುಮ್ಮನೆ ಕೂತಿದ್ದವು. ಸುಗುಣನ ಮನೆಯಲ್ಲಿ ಯಾರೋ ಬಟ್ಟೆ ಒಗೆಯುವುದು ಕೂಡ ಕೇಳಿಸಿತು. ವಿನಯಾ ಅತ್ತೆಯ ಮಸಿ ಮೆತ್ತಿದ ಕೈ ಹಿಡಿದುಕೊಂಡು, “ಭಾರಿ ಗಟ್ಟಿಗರ್ ನೀವ್” ಎಂದು ಪಿಸುಗುಟ್ಟಿದಳು. ಪಿಸುಗುಟ್ಟಿದ್ದು ಕೇಳಿಸಿತಲ್ಲ ಎಂದು ಇಬ್ಬರೂ ನಕ್ಕರು.

ಪೇಟೆಯಿಂದ ಬಂದ ಪ್ರೇಮಾನಂದ ಅಡುಗೆಮನೆಗೆ ಕಾಲಿಟ್ಟು, “ಕರೆಂಟ್ ಇಲ್ಯಾ?” ಎಂದು ಕೇಳಿದ.

ಕುಸುಮ ಗೋಡೆಯ ಕಡೆ ಕೈ ತೋರಿಸಿದಳು. ಅವನು ತಿರುಗುತ್ತಿದ್ದ ರೆಕ್ಕೆಗಳನ್ನು ತುಂಬ ಹೊತ್ತು ನೋಡಿದ. “ಲಾಯ್ಕಾಯ್ತ್” ಎಂದ. ಆ ಮಾತಿನಲ್ಲಿ ಖುಷಿ ಇರಲಿಲ್ಲ.

ಅಂದಿನಿಂದ ಮನೆಯ ರೀತಿಯೇ ಬದಲಾಯಿತು. ಅತ್ತೆ ಸೊಸೆ ಮೆಲುದನಿಯಲ್ಲಿ ಮಾತಾಡುತ್ತಲೇ ಅಡುಗೆ ಮುಗಿಸುತ್ತಿದ್ದರು. ಪ್ರೇಮಾನಂದ ಮೊದಲಿನಂತೆ ಬಂದು ಕೂತ. ಆದರೆ ಅವರು ನಕ್ಕ ಮೇಲೆ ನಗುತ್ತಿದ್ದ, ಒಮ್ಮೊಮ್ಮೆ ನಗಬಾರದ ಕಡೆ ನಕ್ಕುಬಿಡುತ್ತಿದ್ದ. ಕೆಲವು ದಿನ ಕಳೆದ ಮೇಲೆ ಸ್ಟೂಲು ಖಾಲಿಯಾಯಿತು. ತೆಂಗಿನಕಾಯಿ ತುರಿಯುವುದನ್ನೂ ಜಗಲಿಗೆ ಒಯ್ದ. ಊಟದ ಬಟ್ಟಲನ್ನೂ ಅಲ್ಲಿಗೇ ತರಿಸಿಕೊಂಡ.

“ಮಾವನಿಗೆ ನಮ್ಮ್ ಮೇಲೆ ಬೇಜಾರಾ ಅತ್ತೆ?” ವಿನಯಾ ಕೇಳಿದಳು.

“ಅವ್ರ್ ಬ್ಯಾಡ ಅಂದ್ ಕೆಲ್ಸ ನಾವ್ ಮಾಡ್ದ್ದಕ್ಕೆ ಸಿಟ್ಟ್. ಗಂಡಸ್ರಲ್ದಾ? ಎರಡ್ ದಿನ ಬಿಟ್ರೆ ಸರಿ ಆತ್ತ್” ಎಂದಳು ಕುಸುಮ. ಆದರೆ ಅವಳ ಒಳಗೂ ಕಿರಿಕಿರಿ ಹುಟ್ಟಿತ್ತು. ಜಗಲಿಗೆ ಬಟ್ಟಲು ಒಯ್ಯುವಾಗ ಸ್ವಲ್ಪ ಜೋರಾಗಿಯೇ ಕುಕ್ಕಿ ಇಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಫ್ಯಾನು ಮತ್ತೆ ಗರಗರ ಎಂದಿತು. ಕುಸುಮ ಮೇಜು ಹತ್ತಿ ನೋಡಿದರೆ ಎರಡು ಸ್ಕ್ರೂ ಸಡಿಲ, ರಬ್ಬರ್ ಬಿಲ್ಲೆ ಮಾಯ. ಅದುರಿ ಅದುರಿ ಬಿದ್ದಿರಬೇಕೆಂದು ಹೊಸ ಬಿಲ್ಲೆ ಕೊಟ್ಟು ಬಿಗಿದಳು. ವಾರ ತುಂಬುವ ಮೊದಲೇ ಮತ್ತೆ ಅದೇ ಕಥೆ. ಆಗ ಅವಳಿಗೆ ಅನುಮಾನ ಬಂತು. ತಾನು ಬಿಗಿದ ಸ್ಕ್ರೂ ತನ್ನಷ್ಟಕ್ಕೆ ಹೀಗೆ ಬಿಚ್ಚಿಕೊಳ್ಳುವುದಿಲ್ಲ.

ಗೊತ್ತಾದದ್ದು ಒಂದು ಮಧ್ಯಾಹ್ನ. ವಿನಯಾ ತವರಿಗೆ ಹೋಗಿದ್ದಳು. ಹುಕ್ಕು, ನೂಲು ತರಲೆಂದು ಕೋಟೇಶ್ವರಕ್ಕೆ ಹೊರಟ ಕುಸುಮ ಅರ್ಧ ದಾರಿಯಲ್ಲಿ ಅಳತೆಯ ರವಿಕೆ ಮರೆತದ್ದು ನೆನಪಾಗಿ ಹಿಂದೆ ಬಂದಳು. ಅಡುಗೆಮನೆಯಲ್ಲಿ ಪ್ರೇಮಾನಂದ ಮೇಜಿನ ಮೇಲೆ ನಿಂತಿದ್ದ. ಫ್ಯಾನು ಆರಿತ್ತು. ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

“ಹ್ವಾಯ್, ಎಂತ ಮಾಡ್ತಾ ಇದ್ರಿ?”

ಅವನು ತಿರುಗಲಿಲ್ಲ. ಸಿಕ್ಕಿಬಿದ್ದ ನಾಚಿಕೆಗೆ ಹೀಗೆ ನಿಂತಿದ್ದಾನೆಂದು ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು.

“ನಿಮ್ಮತ್ರವೇ ಕೇಂಬುದ್. ಬಿಚ್ಚುದ್ ಎಂತಕೆ?”

ಅವನು ಶಿಳ್ಳೆ ಹಾಕುವವನಂತೆ ತುಟಿ ಮುಂದೆ ಮಾಡಿ, ಸಮಾಧಾನದಿಂದ ಸ್ಕ್ರೂ ತಿರುಗಿಸುತ್ತಲೇ ಇದ್ದ. ಮನೆಯೊಳಗೆ ಬೇರೆ ಒಂದು ಸದ್ದೂ ಇರಲಿಲ್ಲ. ಹಿತ್ತಲ ತೆಂಗಿನ ಮರದಲ್ಲಿ ಅಳಿಲು ಕೂಗುವುದು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು. ಕುಸುಮ ಅವನ ಬೆನ್ನಿನಿಂದ ನಾಲ್ಕು ಮೊಳ ದೂರದಲ್ಲಿ ನಿಂತು ಅವನ ಹೆಸರು ಹಿಡಿದು ಕರೆದಳು. ಮದುವೆಯಾದ ಮೇಲೆ ಒಮ್ಮೆಯೂ ಕರೆದವಳಲ್ಲ. “ಪ್ರೇಮಾನಂದ.”

ಅವನು ತಿರುಗಲಿಲ್ಲ.

ಅವಳ ತಲೆಗೆ ಎಷ್ಟೋ ಸಣ್ಣ ಸಣ್ಣ ಸಂಗತಿಗಳು ಒಟ್ಟಿಗೆ ನುಗ್ಗಿ ಬಂದವು. ಮಗ ಕೊಟ್ಟ ಮೊಬೈಲನ್ನು ಅವನು ಕಪಾಟಿನಲ್ಲಿಟ್ಟವನು ತೆಗೆಯಲೇ ಇಲ್ಲ. ಗೇಟಿನಲ್ಲಿ ಯಾರು ಕರೆದರೂ ಎದ್ದು ಹೋದವನಲ್ಲ. ಹಿಂದಿನಿಂದ ಏನು ಕೇಳಿದರೂ “ಹ್ಞಾಂ” ಅನ್ನುತ್ತಿದ್ದ. ಅದನ್ನೆಲ್ಲ ಅವಳು ಅಸಡ್ಡೆ ಎಂದುಕೊಂಡಿದ್ದಳು, ಮುಂಬೈಯಿಂದ ಬಂದವನ ಠೀವಿ ಎಂದುಕೊಂಡಿದ್ದಳು. ಕಿವಿ ಕೇಳದವರು ಗಂಟಲು ಹರಿದು ಮಾತಾಡುತ್ತಾರೆ, ಇವನು ಪಿಸುಮಾತಿನವನು. ಯಾರಿಗೆ ಹೊಳೆಯಬೇಕು?

ಮುಟ್ಟಿದರೆ ಬೆಚ್ಚಿ ಬಿದ್ದಾನೆಂದು ಅವಳು ಮುಟ್ಟಲಿಲ್ಲ. ಅವನಾಗಿ ಇಳಿಯುವವರೆಗೆ ಕಾದಳು. ಇಳಿದು ತಿರುಗಿದವನು ಅವಳನ್ನು ಕಂಡು ಕೈಯಲ್ಲಿದ್ದ ರಬ್ಬರ್ ಬಿಲ್ಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳಹೋದ. ಅವಳು ಎದುರು ನಿಂತು, ದನಿ ಎತ್ತಿ, ಒಂದೊಂದೇ ಮಾತಾಗಿ ಕೇಳಿದಳು:

“ನಿಮ್ಗೆ ಕಿವಿ ಕೇಂತಿಲ್ಲ ಅಲ್ದಾ?”

ಅವನು ಸ್ಟೂಲಿನ ಮೇಲೆ ಕೂತ. ಸ್ಕ್ರೂಡ್ರೈವರಿನ ತುದಿ ನೋಡುತ್ತಲೇ ಹೇಳಿದ:

“ಪೂರಾ ಕೇಂತಿಲ್ಲ ಅಂದೇನಲ್ಲ. ಜೋರ್ ಮಾತಾಡ್ರೆ ಕೇಂತಿತ್ತ್.” ಅವನ ದನಿ ಎಂದಿನಂತೆ ಮೆಲ್ಲಗೇ ಇತ್ತು. “ಮುಂಬೈಯಗೇ ಶುರು ಆದ್ದ್. ಹೊರ್ಗಿನ್ ಕೌಂಟರಿನವ ಮೆಲ್ಲ ಒಂದ್ ಹೇಳುದ್, ನಾನ್ ಒಂದ್ ಮಾಡುದ್. ಮತ್ತೆ ಅಲ್ಲಿಪ್ಪುದ್ ಹ್ಯಾಂಗೆ? ಸಾಕಾಯ್ತ್ ಮುಂಬೈ ಅಂದ್ ಬಂದೆ.”

“ನನ್ನತ್ರ ಹೇಳುಕೆ ಆಯ್ಲಿಲ್ಯಾ?”

“ಹೇಳಿ ಎಂತ ಮಾಡುದ್? ಇಲ್ಲ್ ಬಂದ್ ಮೇಲೆ ಸುಮಾರ್ ನಡೀತಾ ಇದ್ದಿತ್. ಈ ಫ್ಯಾನ್ ಹಾಳಾಯ್ತಲ್ದಾ, ಆ ಮೇಲೆ ನಂಗೆ ಭಾರಿ ಲಾಯ್ಕಾಯ್ತ್. ಫ್ಯಾನ್ ಕೂಗುದ್ ನಂಗೆ ಅಷ್ಟ್ ಗೊತ್ತೇ ಆತಿರ್ಲಿಲ್ಲ. ನೀವೆಲ್ಲ ಕೂಗಿ ಮಾತಾಡ್ತಿದ್ರಿ. ವಿನಯಾ ಹೇಳುದ್, ನೀನ್ ಹೇಳುದ್, ರತೀಶ ತಮಾಷಿ ಮಾಡುದ್, ಒಂದೂ ಬಿಡ್ದೆ ಕೇಂತಿತ್ತ್.” ಅವನು ತಲೆಯೆತ್ತಿದ. “ಈಗ ನಿಮ್ಮ್ ಬಾಯಿ ಅಲ್ಲಾಡುದ್ ಮಾತ್ರ ಕಾಂತಿತ್ತ್ ಕುಸುಮ. ಅಲ್ಲ್ ಕೂಕಂಡ್ ನಾನ್ ಎಂತ ಮಾಡ್ಕ್?”

ಕುಸುಮನಿಗೆ ಜಗಲಿಯಲ್ಲಿ ತಾನು ಕುಕ್ಕಿ ಇಟ್ಟ ಬಟ್ಟಲುಗಳು ನೆನಪಾದವು. ಆದರೆ ಅವಳು ಅಳುತ್ತಾ ಕೂರುವ ಹೆಂಗಸಲ್ಲ. ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಜೇಬಿನಿಂದ ರಬ್ಬರ್ ಬಿಲ್ಲೆಯನ್ನೂ ತೆಗೆದುಕೊಂಡು, ಮೇಜು ಹತ್ತಿ ಫ್ಯಾನನ್ನು ಬಿಗಿದಳು. ಬಿಗಿದು ಇಳಿದು ಅವನೆದುರು ನಿಂತು ಹೇಳಿದಳು:

“ನಾಳೆ ಕುಂದಾಪ್ರಕ್ಕೆ ಹೋಪುದ್. ಕಿವಿ ಡಾಕ್ಟ್ರತ್ರ.”

“ಬ್ಯಾಡ ಮಾರಾಯ್ತಿ. ಕಿವಿಗೆ ಮಷಿನ್ ಸಿಕ್ಸ್ಕಂಡ್ ತಿರ್ಗುಕಾ ನಾನ್? ಜನ ಎಂತ ಹೇಳುದ್?”

“ಜನ ನಾನ್ ಸೊಸಿಗೆ ಉಪದ್ರ ಕೊಡುದ್ ಅಂದ್ರ್. ನಾನ್ ಸತ್ತ್ ಹೋದ್ನಾ? ಸುಮ್ನೆ ಹೊರ್ಡಿ.”

ಕುಂದಾಪುರದ ಡಾಕ್ಟರು ಚುರುಕು ಕಣ್ಣಿನ ನಡುವಯಸ್ಸಿನ ಹೆಂಗಸು. ಕವೆಯಂಥ ಕಬ್ಬಿಣದ ತುಂಡೊಂದನ್ನು ಮೊಣಕೈಗೆ ಬಡಿದು ಪ್ರೇಮಾನಂದನ ಕಿವಿಯೆದುರು ಹಿಡಿದರು. ಅವನು ತಲೆಯಾಡಿಸಿದ: ಇಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಅವನ ಕಣ್ಣು ಅಗಲವಾಯಿತು. “ಕೇಂತಿತ್ತ್! ಗುಂಯ್ ಅಂತಿತ್ತ್!”

ಗಾಜಿನ ಕೋಣೆಯ ಪರೀಕ್ಷೆಯೂ ಮುಗಿದ ಮೇಲೆ ಡಾಕ್ಟರು ಇಬ್ಬರನ್ನೂ ಕೂರಿಸಿ ವಿವರಿಸಿದರು. ಹೋಟೆಲಿನ ಗದ್ದಲದಿಂದ ಹೀಗಾದದ್ದಲ್ಲ. ಕಿವಿಯ ಒಳಗೆ ಸದ್ದನ್ನು ದಾಟಿಸುವ ಸಣ್ಣ ಎಲುಬೊಂದು ಇರುತ್ತದೆ. ಅದು ಅಲುಗಾಡದೆ ಬಿಗಿದುಕೊಂಡಿದೆ. ಅದರ ಆಚೆಗಿನ ನರ ಚೆನ್ನಾಗಿಯೇ ಇದೆ. ಇಂಥವರಿಗೆ ತಮ್ಮ ದನಿ ತಮಗೆ ದೊಡ್ಡದಾಗಿ ಕೇಳುವುದರಿಂದ ಮೆಲ್ಲಗೆ ಮಾತಾಡುತ್ತಾರೆ. ಗದ್ದಲ ಇರುವ ಕಡೆ ಉಳಿದವರು ದನಿ ಎತ್ತುವುದರಿಂದ ಅಲ್ಲಿಯೇ ಇವರಿಗೆ ಚೆನ್ನಾಗಿ ಕೇಳುತ್ತದೆ.

ಕುಸುಮ ಗಮನವಿಟ್ಟು ಕೇಳಿದಳು. “ಅಂದ್ರೆ ಮೋಟ್ರ್ ಸರಿ ಇತ್ತ್, ಬುಷ್ ಹಿಡ್ಕಂಡಿತ್ತ್. ಅಲ್ದಾ ಡಾಕ್ಟ್ರೆ?”

ಡಾಕ್ಟರು ನಕ್ಕುಬಿಟ್ಟರು. “ಹಾಗೇ ಅಂದುಕೊಳ್ಳಿ. ಆದರೆ ದಯವಿಟ್ಟು ಎಣ್ಣೆ ಮಾತ್ರ ಬಿಡಬೇಡಿ.”

ಆಪರೇಷನ್ನೂ ಮಾಡಬಹುದು, ಮಷಿನ್ನೂ ಹಾಕಬಹುದು ಎಂದರು. ಪ್ರೇಮಾನಂದ ಆಪರೇಷನ್ ಎಂಬ ಮಾತಿಗೇ ಮಷಿನ್ನಿನ ಕಡೆ ವಾಲಿದ. ಕೆಲವು ದಿನ ಬಿಟ್ಟು ಅಳತೆಗೆ ಸರಿಯಾದ ಮಷಿನ್ನು ಬಂತು. ಡಾಕ್ಟರು ಅದನ್ನು ಅವನ ಕಿವಿಗೆ ಕೂರಿಸಿ ಕುಸುಮನಿಗೆ, “ಹಿಂದೆ ನಿಂತು ಏನಾದರೂ ಮಾತಾಡಿ” ಎಂದರು.

ಕುಸುಮ ಗಂಡನ ಬೆನ್ನ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, “ಮಧ್ಯಾಹ್ನಕ್ಕೆ ಎಂತ ಪದಾರ್ಥ ಮಾಡುದ್?” ಎಂದಳು.

“ಚಟ್ಲಿ ಸಿಕ್ರೆ ಚಟ್ಲಿ,” ಎಂದ ಸಿಗಡಿಪ್ರಿಯ ಪ್ರೇಮಾನಂದ. ಹೇಳಿದ ಮೇಲೆ ತಿರುಗಿ ಅವಳ ಮುಖ ನೋಡಿದ. ಡಾಕ್ಟರು ಮುಂದಿನ ರೋಗಿಯನ್ನು ಕರೆಯುವ ಬದಲು ಏನನ್ನೋ ಬರೆಯುವವರಂತೆ ತಲೆ ತಗ್ಗಿಸಿದರು.

ಮೊದಲ ಕೆಲವು ದಿನ ಅವನಿಗೆ ಲೋಕವೇ ಗದ್ದಲವಾಯಿತು. ಪೇಪರು ಮಡಚುವ ಸದ್ದಿಗೆ ಬೆಚ್ಚಿದ, ತಟ್ಟೆಗೆ ಚಮಚ ತಾಗಿದರೆ ಮುಖ ಹಿಂಡಿದ, “ನಮ್ಮ್ ಗೇಟ್ ಇಷ್ಟ್ ಅಳುದಾ?” ಎಂದು ಕೇಳಿ ತಾನೇ ಹೋಗಿ ಎಣ್ಣೆ ಹಾಕಿ ಬಂದ. ವಿನಯಾ ಕೆಲಸ ಮಾಡುವಾಗ ಗುನುಗುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. “ಮದಿ ಆಗಿ ಮೂರ್ ವರ್ಷ ಆಯ್ತ್, ಪದ ಹೇಳುದ್ ಈಗ ಶುರು ಮಾಡ್ದ್ಯಾ?” ಎಂದು ಕೇಳಿದ್ದಕ್ಕೆ ಅವಳು ನಾಚಿಕೊಂಡು ಒಳಗೆ ಓಡಿದಳು. ಕಪಾಟಿನಿಂದ ಮೊಬೈಲು ಹೊರಗೆ ಬಂತು. ಮುಂಬೈಯ ಹಳೆಯ ಜೊತೆಗಾರ ಭೋಜರಾಜನಿಗೆ ಫೋನು ಮಾಡಿ, ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಮಾತಾಡಿದ್ದೇ ಮಾತಾಡಿದ್ದು.

ಗೇಟಿನಲ್ಲಿ ಎಷ್ಟು ಕೂಗಿದರೂ ಏಳದ ಪ್ರೇಮಾನಂದನಿಗೆ ಕಿವಿ ಮಂದವೆಂದು ಮನೆಯವರಿಗಿಂತ ಮೊದಲೇ ಕಂಡುಕೊಂಡಿದ್ದ ಮೀನು ಮಾರುವ ಬಾಗಿಗೆ ಮಾತ್ರ ಮಷಿನ್ನಿನ ಸುದ್ದಿ ಯಾರೂ ಹೇಳಿರಲಿಲ್ಲ. ಮಗಳ ಬಾಣಂತನಕ್ಕೆಂದು ಉಪ್ಪುಂದಕ್ಕೆ ಹೋಗಿದ್ದವಳು ತಿಂಗಳು ಕಳೆದು ಬುಟ್ಟಿ ಹೊತ್ತು ಬಂದಳು. ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ ಪ್ರೇಮಾನಂದನನ್ನು ಕಂಡು, ಎಂದಿನಂತೆ ಮೇಲಿನ ದನಿಯಲ್ಲಿ “ಮೀನ್ ಬೇಕಾ ಒಡೇರೆ!” ಎಂದು ಕೂಗಿ, ಕೆಳದನಿಯಲ್ಲಿ ತನಗೆ ತಾನೇ, “ಈ ಕೆಪ್ಪನಿಗೆ ನಿನ್ನಿನ್ ಬಂಗ್ಡಿ ದಾಟ್ಸ್ರೆ ಸೈ” ಎಂದುಕೊಂಡಳು.

ಪ್ರೇಮಾನಂದ ಪೇಪರಿನಿಂದ ಕಣ್ಣೆತ್ತಲಿಲ್ಲ. “ನಿನ್ನಿದ್ ಬ್ಯಾಡ ಬಾಗಿ. ಕೆಪ್ಪನಿಗೂ ಇವತ್ತಿಂದೇ ಕೊಡ್.”

ಬಾಗಿಯ ತಲೆಯ ಮೇಲಿನ ಬುಟ್ಟಿ ಒಂದು ಬದಿಗೆ ವಾಲಿತು. ಅವಳು ಎರಡು ಕೈಯಲ್ಲಿ ಅದನ್ನು ಹಿಡಿದುಕೊಂಡು, “ಅಯ್ಯಯ್ಯೋ, ಒಡೇರೆ, ನಾನ್ ನಿಮ್ಗೆ ಹೇಳ್ದದ್ದಲ್ಲ, ದೇವ್ರಾಣಿ!” ಎಂದು ಗೋಗರೆದಳು. ಒಳಗೆ ರವಿಕೆಗೆ ಹುಕ್ಕು ಹಾಕುತ್ತಿದ್ದ ಕುಸುಮ ಸೂಜಿ ಬಟ್ಟೆಗೆ ಚುಚ್ಚಿಟ್ಟು ಹೊರಗೆ ಓಡಿಬಂದಳು. ಪ್ರೇಮಾನಂದ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಬಂಗುಡೆಯ ಕಿವಿರು ಎತ್ತಿ ನೋಡುತ್ತಾ, ತಾಜಾ ಮೀನಿನಂತೆ ಕೆಂಪಗಿದ್ದವನ್ನು ಮಾತ್ರ ಆರಿಸಿ ಬಟ್ಟಲಿಗೆ ಹಾಕುತ್ತಿದ್ದ.